ಹಗೇವಿಗೆ ಇಳಿಸಿದ ದೀಪ

ನಿನ್ನ ತವರುಮನೆಗೆ ಮೋಟಾರು ಬಂದ ಸುದ್ದಿ ಹೇಳು ಎಂದು ಮೊಮ್ಮಕ್ಕಳು ಕೇಳಿದಾಗಲೆಲ್ಲ ನಾನು ಬೇರೆ ಏನಾದರೂ ಮಾತು ತೆಗೆಯುತ್ತೇನೆ. ಅವರಿಗೆ ಅದೊಂದು ಜಂಬದ ಸಂಗತಿ. ಬೈಲಹೊಂಗಲದ ಸುತ್ತಮುತ್ತ ಚಕ್ಕಡಿ, ಕುದುರೆ ಬಿಟ್ಟರೆ ಬೇರೇನೂ ಓಡಾಡದ ಕಾಲದಲ್ಲಿ ನಮ್ಮಜ್ಜಿಯ ಮನೆಯಲ್ಲಿ ಮೋಟಾರು ಇತ್ತು ಎಂದು ಬೀಗರ ಮುಂದೆ ಹೇಳಿಕೊಂಡು ಮೆರೆಯುತ್ತಾರೆ. ಮೆರೆಯಲಿ ಪಾಪ, ಅವರಪ್ಪನ ಗಂಟೇನು ಹೋಗುವುದಿಲ್ಲ. ಆದರೆ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ ಸಾಕು, ಈ ವಯಸ್ಸಿನಲ್ಲೂ ನನ್ನ ಅಂಗೈ ಬೆವರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಲ್ಲುವ ನನ್ನನ್ನು ನೋಡಿ ಜನ ಮಡಿವಂತೆ ಎಂದುಕೊಳ್ಳುತ್ತಾರೆ. ನಾನು ಮಡಿವಂತೆಯಲ್ಲ, ಅಂಜುಬುರುಕಿ. ಹುಟ್ಟುವಾಗ ಹಾಗಿರಲಿಲ್ಲ. ಸಂಪಗಾಂವದ ನಮ್ಮ ಮನೆಯ ಪಡಸಾಲೆಯಲ್ಲಿ ಹಾಗಾದೆ.

ಆ ಮನೆಯ ದೊಡ್ಡ ಬಾಗಿಲು ದಾಟಿದರೆ ಎಡಗಡೆ ಎತ್ತುಗಳ ಗ್ವಾದಲಿ. ಜನ ಬರುವುದೂ ಅದೇ ಬಾಗಿಲು, ದನ ಬರುವುದೂ ಅದೇ ಬಾಗಿಲು. ಅಲ್ಲಿಂದ ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ದೇವರಮನೆ, ಅಡಿಗೆಮನೆ. ಮಾಳಿಗೆಯ ಒಂದು ಬೆಳಕಿಂಡಿಯಿಂದ ಬಿಸಿಲು ಕೋಲಾಗಿ ಪಡಸಾಲೆಯ ನಡುವೆ ಬೀಳುತ್ತಿತ್ತು. ಅದು ಬೀಳುವ ಜಾಗದಲ್ಲಿಯೇ ಹಗೇವಿನ ಬಾಯಿ. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕಣಜವದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಇಕ್ಕಟ್ಟು, ಒಳಗೆ ಹೊಟ್ಟೆ ಒಂದು ಕೋಣೆಯಷ್ಟು ಅಗಲ. ಮೇಲೆ ಬಂಡೆ ಮುಚ್ಚಿ, ಸುತ್ತ ಹಸಿ ಮಣ್ಣು ಮೆತ್ತಿ, ಸಾರಿಸಿಬಿಟ್ಟರೆ ಹೊಸಬರಿಗೆ ಅಲ್ಲೊಂದು ಗುಂಡಿ ಇದೆಯೆಂದೇ ತಿಳಿಯುತ್ತಿರಲಿಲ್ಲ. ನಮಗೆ ಮಾತ್ರ ತಿಳಿಯುತ್ತಿತ್ತು. ಅದರ ಮೇಲೆ ಕಾಲಿಟ್ಟರೆ ಸದ್ದು ಬೇರೆ ಬರುತ್ತಿತ್ತು. ಊಟಕ್ಕೆ ಕೂತಾಗ ಅದರ ಕಡೆ ಬೆನ್ನು ಮಾಡಿ ಕೂಡಲು ನಾನು ಒಪ್ಪುತ್ತಿರಲಿಲ್ಲ. ಅಪ್ಪನ ಅಣ್ಣ, ಅಂದರೆ ನಾನು ನೋಡದ ದೊಡ್ಡಪ್ಪ, ಮೀಸೆ ಮೂಡುವ ವಯಸ್ಸಿನಲ್ಲಿ ಜೋಳ ತೆಗೆಯಲು ಇಳಿದವನು ಆ ಹಗೇವಿನಿಂದ ಹೆಣವಾಗಿ ಬಂದಿದ್ದ. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಡುತ್ತದೆ. ಇಳಿದವನಿಗೆ ಕೂಗಲೂ ಬಿಡುವುದಿಲ್ಲ.

ಅಂದಿನಿಂದ ಅಪ್ಪನ ತಾಯಿ, ನಮ್ಮ ಆಯಿ, ಒಂದು ಕಟ್ಟು ಮಾಡಿದ್ದಳು. ಊರಿನ ಎಲ್ಲರ ಮನೆಯಲ್ಲೂ ಇದ್ದ ಪದ್ಧತಿಯೇ, ಆದರೆ ನಮ್ಮ ಮನೆಯಲ್ಲಿ ಅದು ಪೂಜೆಗಿಂತ ಹೆಚ್ಚು. ಬಂಡೆ ಸರಿಸಿದ ಮೇಲೆ ಮೊದಲು ಒಳಗೆ ಇಳಿಯುವುದು ದೀಪ. ಹಿತ್ತಾಳೆ ಚರಿಗೆಯೊಳಗೆ ಉರಿಯುವ ಹಣತೆ ಇಟ್ಟು, ಹಗ್ಗ ಕಟ್ಟಿ, ಆಯಿ ತನ್ನ ಕೈಯಾರೆ ಮೆಲ್ಲಗೆ ಕೆಳಗೆ ಬಿಡುತ್ತಿದ್ದಳು. ಕೆಳಗೆ ಮುಟ್ಟಿದ ದೀಪ ಉರಿದರೆ ಮನುಷ್ಯ ಇಳಿಯಬಹುದು, ನಂದಿದರೆ ಇಳಿಯಬಾರದು. ದೀಪ ಇಳಿಯುವಾಗ ಪಡಸಾಲೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅವ್ವ ಒಲೆಯ ಮೇಲಿನ ರೊಟ್ಟಿ ಬಿಟ್ಟು ಬಂದು ನಿಲ್ಲುತ್ತಿದ್ದಳು, ರೊಟ್ಟಿ ಸೀದರೂ ಆಯಿ ಬೈಯುತ್ತಿರಲಿಲ್ಲ.

ಇಂಥ ಮನೆಗೆ ಮೋಟಾರು ಬಂತು. ಅಪ್ಪ ಹತ್ತಿ ವ್ಯಾಪಾರ ಮಾಡುತ್ತಿದ್ದ. ರಾಮದುರ್ಗದ ಕಡೆಯ ಶ್ರೀಮಂತರೊಬ್ಬರು ತಮ್ಮ ಹಳೆಯ ಮೋಟಾರು ಕೊಡುವವರಿದ್ದಾರೆಂದು ಕೇಳಿ, ತಮ್ಮನನ್ನು, ಅಂದರೆ ನಮ್ಮ ಕಾಕಾನನ್ನು, ಕರೆದುಕೊಂಡು ಹೋದ. ಅಪ್ಪನಿಗೆ ಮೋಟಾರಿನ ಗಂಧವೂ ಇರಲಿಲ್ಲ, ಎತ್ತು ಕೊಳ್ಳುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಅದೇ ರೀತಿಯಲ್ಲಿ ಕೊಂಡ. ಬಿಸಿಲೇರಿದ ಮೇಲೆ ಯಾವ ಎತ್ತಾದರೂ ಹುರುಪಾಗಿ ಕಾಣುತ್ತದೆ, ಮುಂಜಾನೆ ಎದ್ದೊಡನೆ ಹೇಗೆ ಕಾಲೂರುತ್ತದೆ ನೋಡಬೇಕು ಎಂದು ಅಲ್ಲೇ ವಸ್ತಿ ಉಳಿದು, ತಣ್ಣಗಿದ್ದ ಮೋಟಾರನ್ನು ತನ್ನೆದುರಿಗೇ ಚಾಲೂ ಮಾಡಿಸಿದ. ಮಂದಿಯನ್ನು ತುಂಬಿಸಿ ಏರು ಹತ್ತಿಸಿದ. ನಿಂತ ಜಾಗದಲ್ಲಿ ಎಣ್ಣೆ ಸೋರಿದೆಯೇ ಎಂದು ನೆಲ ಬಗ್ಗಿ ನೋಡಿದ. ಗಾಲಿಯ ರಬ್ಬರು ಹಲ್ಲು ನೋಡಿದಂತೆ ನೋಡಿದ. ಇವತ್ತು ಹಳೆಯ ಕಾರು ಕೊಳ್ಳುವ ನನ್ನ ಮೊಮ್ಮಗ ಬರೀ ಬಣ್ಣ ನೋಡಿ ಮರುಳಾಗುತ್ತಾನೆ, ಅವನಿಗೆ ಅಪ್ಪನ ಬುದ್ಧಿಯಲ್ಲಿ ಕಾಲುಭಾಗ ಬಂದಿದ್ದರೂ ಸಾಕಿತ್ತು. ಮನೆಗೆ ತಂದ ದಿನ ಆಯಿ ಆರತಿ ತಟ್ಟೆ ಹಿಡಿದುಕೊಂಡೇ ಕೇಳಿದಳು:

"ಸುಳಿ ನೋಡಿದೇನೊ ಬಸಪ್ಪಾ?"

"ಅವ್ವಾ, ಸುಳಿ ಇರೂದು ಎತ್ತಿನ ಮೈಮ್ಯಾಲ. ಇದು ಕಬ್ಬಿಣ."

"ಮತ್ತ ಮಾರಾವ ಯಾಕ ಮಾರಿದ? ಅದನ್ನರ ಕೇಳಿದಿಯೊ ಇಲ್ಲೊ?"

ಅವರು ಹೊಸದು ಕೊಂಡಿದ್ದಾರೆ ಎಂದು ಅಪ್ಪ ಹೇಳಿದ ಮೇಲೆಯೇ ಆರತಿ ಬೆಳಗಿದಳು. ಮೋಟಾರನ್ನು ಗ್ವಾದಲಿಯ ಪಕ್ಕ, ಎತ್ತುಗಳ ಮಗ್ಗುಲಲ್ಲಿ ನಿಲ್ಲಿಸಿದರು. ಅದರ ಹಿತ್ತಾಳೆಯ ದೀಪಗಳು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡಂತೆ ಕಾಣುತ್ತಿದ್ದವು. ಎತ್ತುಗಳು ಮೈ ನಡುಗಿಸುತ್ತ ಗೋಡೆಗೆ ಒತ್ತಿಕೊಂಡು ನಿಂತವು, ಮೇವು ಮುಟ್ಟಲಿಲ್ಲ. ನನಗೂ ಅನ್ನ ಇಳಿಯಲಿಲ್ಲ. ಎತ್ತಿನ ಕಣ್ಣಲ್ಲಿ ಕಂಡ ಭಯ ನನ್ನೊಳಗೂ ಬಂದು ಕೂತಿತ್ತು.

ಮಾರಿದ ಶ್ರೀಮಂತರು ಅಪ್ಪನನ್ನು ಕೂಡಿಸಿಕೊಂಡು ಬುದ್ಧಿ ಹೇಳಿ ಕಳಿಸಿದ್ದರು. ಅದನ್ನು ಅಪ್ಪ ದಿನಾ ಲಿಂಗಪೂಜೆಯಾದ ಮೇಲೆ ಕಾಕಾನಿಗೆ ಒಪ್ಪಿಸುತ್ತಿದ್ದ. ಕೇಳಿ ಕೇಳಿ ನನಗೂ ಬಾಯಿಪಾಠ ಆಗಿತ್ತು:

"ಸಾವ್ಕಾರ್ರ, ಎತ್ತಿನಕಿಂತ ಹೆಚ್ಚಿಗಿ ಜೋಪಾನ ಮಾಡ್ರಿ ಇದನ್ನ. ಮುಂಜಾನೆ ಮೊದಲ ನೀರು ನೋಡ್ರಿ. ಕುದಿಯುವಾಗ ನೀರಿನ ಮುಚ್ಚಳಾ ತಗೀಬ್ಯಾಡ್ರಿ, ಮಾರಿ ಸುಡತೈತಿ. ಎಣ್ಣಿ ಬೆರಳಾಗ ತಿಕ್ಕಿ ನೋಡ್ರಿ, ಉಸುಕು ಹತ್ತಿದ್ರ ಬದಲಾ ಮಾಡ್ರಿ. ಪೆಟ್ರೋಲ ಸೋಸಲಾರದ ಹಾಕಬ್ಯಾಡ್ರಿ. ಚಾಲೂ ಮಾಡಾಕ ಹ್ಯಾಂಡಲ್ ತಿರುವುವಾಗ ಹೆಬ್ಬಟ್ಟು ಸುತ್ತಿ ಹಿಡೀಬ್ಯಾಡ್ರಿ, ತಿರುಗಿ ಒದ್ರ ಮುಂಗೈ ಮುರೀತೈತಿ. ಪೆಟ್ರೋಲಿನ ಡಬ್ಬಿ ಬೆಂಕಿ ಹಂತ್ಯಾಕ ಒಯ್ಯಬ್ಯಾಡ್ರಿ. ಮನ್ಯಾಗ ಎಲ್ಲಾಕಿಂತ ತಂಪ ಜಾಗಾ ಯಾವುದೈತಿ, ಅಲ್ಲಿಡ್ರಿ."

ಪೆಟ್ರೋಲು ಧಾರವಾಡದಿಂದ ಚಕ್ಕಡಿಯಲ್ಲಿ ಬರುತ್ತಿತ್ತು. ಎತ್ತುಗಳು ತಮ್ಮ ಸವತಿಗೆ ತಾವೇ ಊಟ ಹೊತ್ತು ತಂದಂತೆ ಎಂದು ಅವ್ವ ನಗುತ್ತಿದ್ದಳು. ಮೊದಲ ಸಲ ತಗಡಿನ ಡಬ್ಬಿಗಳು ಬಂದಾಗ ಎಲ್ಲಿಡಬೇಕೆಂದು ದೊಡ್ಡ ವಿಚಾರ ನಡೆಯಿತು. ಗ್ವಾದಲಿಯಲ್ಲಿ ಆಳುಗಳು ಬೀಡಿ ಸೇದುತ್ತಾರೆ. ಅಡಿಗೆಮನೆಯಲ್ಲಿ ಒಲೆ. ದೇವರಮನೆಯಲ್ಲಿ ನಂದಾದೀಪ. ಮಾಳಿಗೆಯ ಮೇಲೆ ಬಿಸಿಲು. ಆಗ ಆಯಿಯೇ ಹೇಳಿದಳು, ಜೋಳ ಖಾಲಿಯಾದ ಹಗೇವು ಇದೆಯಲ್ಲ ಎಂದು. ಎಲ್ಲರ ಮುಖ ಅರಳಿತು. ಬ್ಯಾಸಿಗೆಯಲ್ಲೂ ಅಲ್ಲಿ ತಂಪು, ಒಲೆ ದೂರ, ಬೀಡಿ ಸೇದುವವರು ಅಲ್ಲಿಗೆ ಬರುವಂತಿಲ್ಲ, ಮೇಲೆ ಬಂಡೆ. ಶ್ರೀಮಂತರ ಮಾತಿನ ಒಂದಕ್ಷರವನ್ನೂ ನಮ್ಮ ಮನೆಯವರು ಮೀರಲಿಲ್ಲ. ಬೆಂಕಿಯನ್ನು ಹತ್ತಿರ ಒಯ್ಯಬಾರದು ಎಂಬ ಮಾತು ಎಲ್ಲರಿಗೂ ನೆನಪಿತ್ತು, ಆಯಿಯ ಹಣತೆ ಮಾತ್ರ ಯಾರ ಕಣ್ಣಿಗೂ ಬೆಂಕಿಯಾಗಿ ಕಾಣಲಿಲ್ಲ. ಅದು ಜೀವ ಕಾಯುವ ವಸ್ತು.

ಅಂದಿನಿಂದ ನನ್ನ ನೆಮ್ಮದಿ ಹಾಳಾಯಿತು. ಮೊದಲಾದರೆ ಹಗೇವು ತೆರೆಯುವುದು ಅಪರೂಪ. ಈಗ ಮೋಟಾರು ಹೊರಟಾಗಲೆಲ್ಲ ಅಪ್ಪ ಅದರೊಳಗೆ ಇಳಿಯಬೇಕು. ಆಳುಗಳನ್ನು ಇಳಿಸಲು ಅವನಿಗೆ ಮನಸ್ಸಿಲ್ಲ, ಅಣ್ಣ ಸತ್ತ ಗುಂಡಿ ಅದು. ಹೊರಗೆ ಕಾಕಾ ಮೋಟಾರು ಒರೆಸುವ ಸದ್ದು ಕೇಳಿದರೆ ನಾನು ಅವ್ವನನ್ನು ಹುಡುಕಿಕೊಂಡು ಓಡುತ್ತಿದ್ದೆ. ಬಂಡೆ ಸರಿಯುತ್ತಿತ್ತು, ಸ್ವಲ್ಪ ಹೊತ್ತು ಗಾಳಿಗೆ ಬಿಡುತ್ತಿದ್ದರು, ಆಯಿ ದೀಪ ಇಳಿಸುತ್ತಿದ್ದಳು. ಬಿಗಿಯಾಗಿ ಮುಚ್ಚಿದ ಡಬ್ಬಿಗಳಾದ್ದರಿಂದ ದೀಪ ಸುಮ್ಮನೆ ಉರಿಯುತ್ತಿತ್ತು. ಅದನ್ನು ಮೇಲೆಳೆದುಕೊಂಡ ಮೇಲೆ ಅಪ್ಪ ಇಳಿಯುತ್ತಿದ್ದ. ಮೊದಲು ಕಾಲು, ಆಮೇಲೆ ಎದೆ, ಕೊನೆಗೆ ರುಮಾಲು ಕಾಣದಾಗುತ್ತಿತ್ತು. ನಾನು ಅವ್ವನ ಸೀರೆಯ ನೆರಿಗೆ ಹಿಡಿದುಕೊಂಡು ಆ ರುಮಾಲು ತಿರುಗಿ ಕಾಣುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದೆ. ಅಪ್ಪನ ಉಸಿರನ್ನು ನಾನು ಉಳಿಸುತ್ತಿದ್ದೇನೆ ಎಂಬ ಭ್ರಮೆ ಇತ್ತೋ ಏನೋ. ಮೋಟಾರು ಅಪ್ಪನನ್ನು ತಿನ್ನಲೆಂದೇ ಮನೆಗೆ ಬಂದಿದೆ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಅವ್ವನಿಗೆ ಒಮ್ಮೆ ಹೇಳಿದೆ. ಅವಳು ನನ್ನ ಹಣೆಗೆ ವಿಭೂತಿ ಹಚ್ಚಿ, "ಹುಚ್ಚಿ, ಹಂಗೆಲ್ಲಾ ಅನಬಾರದು," ಎಂದಳು. ಅವಳ ಕೈ ತಣ್ಣಗಿತ್ತು.

ಮೊದಲು ಮೋಟಾರು ಹಿಡಿದದ್ದು ಕಾಕಾನನ್ನು. ಒಂದು ಮುಂಜಾನೆ ಗಡಿಬಿಡಿಯಲ್ಲಿ ಹೆಬ್ಬಟ್ಟು ಸುತ್ತಿ ಹ್ಯಾಂಡಲ್ ಹಿಡಿದ. ಅದು ತಿರುಗಿ ಒದೆಯಿತು, ಶ್ರೀಮಂತರು ಹೇಳಿದ ಜಾಗದಲ್ಲಿಯೇ ಎಲುಬು ಮುರಿಯಿತು. ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಒಂದು ಕೈಯ ಮನುಷ್ಯನಾದ ಕಾಕಾ, ಅದೇ ದಿನಗಳಲ್ಲಿ ಅರ್ಧ ಉಳಿದ ಒಂದು ಪೆಟ್ರೋಲು ಡಬ್ಬಿಯ ಮುಚ್ಚಳವನ್ನು ಎಲ್ಲೋ ಬೀಳಿಸಿಕೊಂಡು ಬಂದ. ಅದಕ್ಕೇನು ಮಹಾ ಎಂದುಕೊಂಡರು ಮನೆಯವರು. ಜೋಳದ ಹಗೇವು, ಬೆಲ್ಲದ ಗಡಿಗೆ, ಉಪ್ಪಿನಕಾಯಿಯ ಭರಣಿ, ಎಲ್ಲಕ್ಕೂ ಬಾಯಿಗೆ ಮೆತ್ತುವ ಮಣ್ಣು ಮನೆಯಲ್ಲಿತ್ತು. ಅರಿವೆಯ ಉಂಡೆ ತುರುಕಿ, ಮೇಲೆ ಹಸಿ ಮಣ್ಣು ಮೆತ್ತಿ, ಡಬ್ಬಿಯನ್ನು ತಂಪಿನಲ್ಲಿ ಇಳಿಸಿಬಿಟ್ಟರು. ಒಣಗಿದ ಮಣ್ಣು ಬಿರಿಯುತ್ತದೆ. ಜೋಳಕ್ಕಾದರೆ ಅದರಿಂದ ಏನೂ ಆಗುವುದಿಲ್ಲ.

ಬ್ಯಾಸಿಗೆಯಲ್ಲಿ ಅವ್ವನ ತಮ್ಮನ ನಿಶ್ಚಯಕ್ಕೆ ತೊರಗಲ್ಲಿಗೆ ಹೋಗುವುದಿತ್ತು. ಸವದತ್ತಿ ಹಾದಿ ಹಿಡಿದು, ಹೊಳೆಯಲ್ಲಿ ನೀರು ಕಡಿಮೆಯಾದ ಕಡೆ ದಾಟಿ, ಬಿಸಿಲೇರುವ ಮುಂಚೆ ತಲುಪಬೇಕು. ಬೀಗರೆಲ್ಲ ನೋಡುವಂತೆ ಮೋಟಾರಿನಲ್ಲಿ ಇಳಿಯಬೇಕೆಂದು ಅಪ್ಪನಿಗೆ ಆಸೆ. ಕಾಕಾನ ಕೈ ಇನ್ನೂ ಪೂರ್ತಿ ಕೂಡಿರಲಿಲ್ಲ, ಅಪ್ಪನೇ ನಡೆಸುವವನಿದ್ದ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ನನಗೆ ರೇಷ್ಮೆ ಪರಕಾರ ತೊಡಿಸಿ, ಜಡೆಗೆ ಮಲ್ಲಿಗೆ ಮುಡಿಸಿದ್ದರು. ರೊಟ್ಟಿ ಬುತ್ತಿ ಮೋಟಾರಿನಲ್ಲಿ ಇಟ್ಟಾಗಿತ್ತು. ಪೆಟ್ರೋಲು ಹಾಕುವುದೊಂದೇ ಉಳಿದಿತ್ತು. ಅಪ್ಪ ಬಂಡೆ ಸರಿಸಿದ.

ಎಂದಿನಂತೆ ಹಳೆಯ ಜೋಳದ ಮುಗ್ಗು ವಾಸನೆ ಬರಲಿಲ್ಲ. ತಲೆ ತಿರುಗಿಸುವ ಘಾಟು ಬಂತು. ಗ್ವಾದಲಿಯಲ್ಲಿ ಎತ್ತು ಸೀನಿತು. ಆಯಿ ಹಣತೆ ಹಚ್ಚಿಕೊಂಡು ಚರಿಗೆಗೆ ಹಗ್ಗ ಕಟ್ಟುತ್ತ ಬಂದಳು.

"ಅವ್ವಾ, ಹೊತ್ತಾತು. ಇವತ್ತ ದೀಪ ಬ್ಯಾಡ ಬಿಡು," ಎಂದ ಅಪ್ಪ. "ಘಾಟ ಹೊಂಟೈತಿ. ಬೆಂಕಿ ಒಯ್ಯಬ್ಯಾಡ್ರಿ ಅಂತ ಅವರು ಹೇಳ್ಯಾರ."

"ಇದು ಬೆಂಕಿ ಏನೊ? ದೀಪ ಇದು."

"ದೀಪ ಅಂದ್ರೂ ಉರಿಯೂದು ಬೆಂಕೀನ ಅಲ್ಲೇನವ್ವಾ? ಲಗೂನ ಇಳದು ಲಗೂನ ಬರತೇನಿ."

ಅವನು ಹಗೇವಿನ ಬಾಯಿಗೆ ಕಾಲು ಇಳಿಬಿಟ್ಟು ಕೂತೇಬಿಟ್ಟ. ಆಯಿ ಕೂಗಾಡಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು ಸಣ್ಣ ದನಿಯಲ್ಲಿ ಹೇಳಿದಳು:

"ನಿಮ್ಮಣ್ಣನೂ ಹಿಂಗ ಅಂದಿದ್ದ, ಹೊತ್ತಾತು ಅಂತ."

ಅಪ್ಪ ಕಾಲು ಮೇಲೆ ತೆಗೆದುಕೊಂಡ. ಆ ಹೊತ್ತಿನಲ್ಲಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ದೀಪ ಇಳಿಯುತ್ತದೆ, ಇನ್ನು ಅಪ್ಪನಿಗೆ ಏನೂ ಆಗುವುದಿಲ್ಲ ಎಂದು ಅವ್ವನ ನೆರಿಗೆ ಬಿಟ್ಟು ನಿಂತೆ. ಆಯಿ ಎಲ್ಲರನ್ನೂ ಹಿಂದೆ ಸರಿಸಿದಳು, ಅದು ಅವಳ ರೂಢಿ. ತಾನೊಬ್ಬಳೇ ಬಾಯಿಯ ಮೇಲೆ ಬಗ್ಗಿ, ಶಿವ ಶಿವ ಎನ್ನುತ್ತ ಹಗ್ಗ ಬಿಟ್ಟಳು. ಚರಿಗೆ ನೆಲದ ಮಟ್ಟ ದಾಟಿ ಕೆಳಗೆ ಹೋಯಿತು, ಅಷ್ಟೇ.

ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಕಂಬಳಿ ಕೊಡವಿದ ಹಾಗೆ ಬುಸ್ ಎಂದಿತು. ಮರುಕ್ಷಣ ಹಗೇವಿನ ಬಾಯಿಯ ಅಗಲದ ಉರಿ ನೆಟ್ಟಗೆ ಮೇಲೆದ್ದು ಬೆಳಕಿಂಡಿಯವರೆಗೆ ಹೋಯಿತು. ಆಯಿ ಕಾಣಲಿಲ್ಲ. ಆಮೇಲೆ ಕಂಡಳು, ಕಂಬದ ಬುಡದಲ್ಲಿ ಅಂಗಾತ ಬಿದ್ದಿದ್ದಳು, ಸೆರಗು ಉರಿಯುತ್ತಿತ್ತು. ಅಪ್ಪ ಅವಳ ಮೇಲೆ ಬಿದ್ದು ಅಂಗೈಯಿಂದ ಬಡಿದು ಆರಿಸಿದ. ಆಳು ಕೊಡ ನೀರು ತಂದು ಉರಿಗೆ ಸುರಿಯಲು ಓಡಿದ. ನೀರು ಬ್ಯಾಡೋ ಎಂದು ಕಾಕಾ ಕಿರುಚಿದ. ಬಂಡೆ ಮೆತ್ತಲು ಕಲಸಿಟ್ಟಿದ್ದ ಹಸಿ ಮಣ್ಣಿನ ಬುಟ್ಟಿಯನ್ನು ಅವ್ವ ಎತ್ತಿ ಹಗೇವಿನ ಬಾಯಿಗೆ ಸುರಿದಳು. ಅಪ್ಪ ಓಡಿಬಂದು ಬಂಡೆ ತಳ್ಳಿದ, ಇಳಕಲ್ ಸೀರೆಯ ಅವ್ವ ಮೊಣಕಾಲೂರಿ ಅವನ ಜೊತೆ ತಳ್ಳಿದಳು. ಬಂಡೆ ಕೂತಿತು. ಸಂದಿಗೆಲ್ಲ ಮಣ್ಣು ಒತ್ತಿದರು. ಒಳಗೆ ಏನೋ ಗುರುಗುಟ್ಟಿ ಸುಮ್ಮನಾಯಿತು. ನಾನು ಪರಕಾರದಲ್ಲಿಯೇ ಉಚ್ಚೆ ಹೊಯ್ದುಕೊಂಡು ನಿಂತಿದ್ದೆ, ಯಾರೂ ನೋಡಲಿಲ್ಲ.

ಆಯಿ ಬದುಕಿದಳು. ಹುಬ್ಬು, ಮುಂದಲೆಯ ಕೂದಲು ಹೋಗಿದ್ದವು. ಮುಖ ಬಾತು ಕಣ್ಣು ಮುಚ್ಚಿಹೋಗಿದ್ದವು. ಎರಡೂ ಕೈಗೆ ಸುಣ್ಣದ ತಿಳಿ, ಎಣ್ಣೆ ಕಡೆದು ಹಚ್ಚಿ ಮೆತ್ತನೆ ಅರಿವೆ ಸುತ್ತಿದ್ದರು. ಅಪ್ಪ ಅಂಬಲಿ ಕುಡಿಸುತ್ತಿದ್ದ. ಅವನಿಗೆ ತಡೆಯಲಾಗಲಿಲ್ಲ.

"ದೀಪ ಇಳಸಬಾರದಾಗಿತ್ತವ್ವಾ."

"ಇಳಸಲಾರದ ನೀ ಇಳದಿದ್ರ?" ಎಂದಳು ಆಯಿ. ಬಾತ ತುಟಿಯಲ್ಲಿ ಮಾತು ತೊದಲುತ್ತಿತ್ತು. "ಗಾಳಿ ಕೆಟ್ಟಿತ್ತು. ದೀಪ ಹೇಳ್ತು."

ಅಪ್ಪ ಇನ್ನೊಂದು ಗುಟುಕು ಅಂಬಲಿ ಅವಳ ತುಟಿಗೆ ಹಿಡಿದ. ತಾಯಿ ತನ್ನನ್ನು ಉಳಿಸಿದಳೋ, ಮನೆಯನ್ನೇ ಸುಡಲು ಹೊರಟಿದ್ದಳೋ ಎಂದು ಅವನು ಸಾಯುವತನಕ ತಿಳಿದುಕೊಳ್ಳಲಿಲ್ಲ. ಎಷ್ಟೋ ವರ್ಷಗಳ ಮೇಲೆ, ತಿಳಿದವರೊಬ್ಬರನ್ನು ನಾನೇ ಕೇಳಿದೆ. ಅಷ್ಟು ಘಾಟು ತುಂಬಿದ ಗುಂಡಿಯಲ್ಲಿ ಇಳಿದಿದ್ದರೆ ನಿಮ್ಮ ತಂದೆ ಎಚ್ಚರ ತಪ್ಪಿ ಅಲ್ಲೇ ಉಳಿಯುತ್ತಿದ್ದರು ಎಂದರು ಅವರು. ದೀಪ ಇಳಿಸಿದ್ದು ತಪ್ಪು, ಇಳಿಸದಿದ್ದರೂ ಸಾವು. ಇದನ್ನು ಕೇಳಿ ನನ್ನ ಹೆದರಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಎಷ್ಟು ಜೋಪಾನ ಮಾಡಿದರೂ ಜೋಪಾನವೇ ತಿರುಗಿ ಒದೆಯಬಹುದು ಎಂಬ ಗುಮಾನಿ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹಗೇವಿನಲ್ಲಿ ಇನ್ನೂ ಡಬ್ಬಿಗಳು ಉಳಿದಿದ್ದವು. ಅವು ಒಡೆದಿವೆಯೋ, ಸೋರುತ್ತಿವೆಯೋ ಗೊತ್ತಿಲ್ಲ, ಅವುಗಳ ಮೇಲೆ ನಾವು ಬದುಕಬೇಕು. ಮನೆಯಲ್ಲಿ ಬೆಂಕಿ ಹಚ್ಚುವುದು ನಿಂತಿತು. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಅಡಿಗೆ, ಹೊತ್ತು ಮುಳುಗುವ ಮುಂಚೆ ಊಟ. ದೇವರಮನೆಯ ನಂದಾದೀಪವನ್ನು ಆಯಿಯೇ ಆರಿಸಲು ಹೇಳಿದಳು. ಆಳುಗಳು ಪಡಸಾಲೆಗೆ ಕಾಲಿಡಲು ಒಲ್ಲೆಂದರು. ಕೊನೆಗೆ ಬಂಡೆ ತೆಗೆದು, ಹಗ್ಗಕ್ಕೆ ಕಂಬಳಿ ಕಟ್ಟಿ ಇಳಿಸುತ್ತ ಎಳೆಯುತ್ತ, ಕೆಟ್ಟ ಗಾಳಿಯನ್ನು ಹೊರಗೆ ಹಾಕಲು ಎಷ್ಟೋ ದಿನ ಹೆಣಗಿದರು. ಘಾಟು ಇಳಿಯಿತು. ಪೂರ್ತಿ ಹೋಯಿತೋ ಇಲ್ಲವೋ ಹೇಳುವವರು ಯಾರು? ದೀಪ ಇಳಿಸುವಂತಿಲ್ಲ. ಅಪ್ಪ ಇಳಿಯುತ್ತೇನೆಂದ.

ಆಯಿಯನ್ನು ಕೈಹಿಡಿದು ಪಡಸಾಲೆಗೆ ಕರೆತಂದರು. ಕಣ್ಣು ಇನ್ನೂ ತೆರೆದಿರಲಿಲ್ಲ. ಅಪ್ಪನ ನಡುವಿಗೆ ಹಗ್ಗ ಕಟ್ಟಿಸಿದಳು. ಹಗ್ಗವನ್ನು ಮಧ್ಯದಲ್ಲಿ ನೆಟ್ಟಗಿದ್ದ ಕೈಯಿಂದ ಕಾಕಾ, ಅವನ ಜೊತೆ ಬೀದಿಯ ಇಬ್ಬರು ಗಟ್ಟಿ ಗಂಡಸರು ಹಿಡಿದರು. ಹಗ್ಗದ ಇನ್ನೊಂದು ತುದಿಯನ್ನು ತನ್ನ ನಡುವಿಗೆ ಕಟ್ಟಿ ಎಂದಳು. ಅವಳ ಕೈಗೆ ಹಿಡಿಯುವ ಶಕ್ತಿ ಇರಲಿಲ್ಲ. ಅವ್ವ ಕಟ್ಟಿದಳು. ಆಯಿ ಕಂಬಕ್ಕೆ ಕಾಲು ಒತ್ತಿ ನೆಲದ ಮೇಲೆ ಕೂತಳು.

"ನಾ ಕರದಾಗೆಲ್ಲಾ ಓ ಅನಬೇಕು. ಓ ಅನಲಿಲ್ಲಂದ್ರ ಜಗ್ಗತೇವಿ."

ಅಪ್ಪ ಇಳಿದ. ರುಮಾಲು ಕಾಣದಾಯಿತು.

"ಬಸ್ಯಾ!"

"ಓ!"

ಹುಡುಗನಾಗಿದ್ದಾಗಿನ ಹೆಸರು ಅದು, ಆಯಿ ಹಾಗೆ ಕರೆದದ್ದನ್ನು ನಾನು ಅಂದೇ ಮೊದಲು ಕೇಳಿದೆ. ಅವಳು ಕರೆದಳು, ಕೆಳಗಿನಿಂದ ಓ ಬಂತು. ತಗಡು ಕಲ್ಲಿಗೆ ತಾಗಿದ ಸದ್ದು. ಮತ್ತೆ ಕರೆದಳು. ಓ ಸ್ವಲ್ಪ ತಡವಾಗಿ ಬಂತು, ಕಾಕಾನ ಕೈ ಬಿಗಿಯಾಯಿತು. ಮೊದಲ ಡಬ್ಬಿ ಮೇಲೆ ಬಂತು. ಇನ್ನೊಂದು ಬಂತು. ಅವ್ವ ಅವನ್ನು ಒಂದೊಂದಾಗಿ ಹೊರಗೆ ಸಾಗಿಸುತ್ತಿದ್ದಳು. ನಾನು ಆಯಿಯ ಪಕ್ಕ ಕೂತಿದ್ದೆ. ಪ್ರತಿ ಓ ಬರುವ ಮುಂಚೆ ಅವಳ ಮೈ ಕಲ್ಲಾಗುತ್ತಿತ್ತು, ಬಂದ ಮೇಲೆ ಸಡಿಲಾಗುತ್ತಿತ್ತು. ಕೊನೆಯ ಡಬ್ಬಿ ಬಂತು. ಅಪ್ಪನ ತಲೆ ಬಂತು, ಎದೆ ಬಂತು. ಅವನು ಮೇಲೆದ್ದು, ಮಣ್ಣು ಮಸಿ ಮೆತ್ತಿದ ಮೈಯಲ್ಲೇ ಬಂದು ತಾಯಿಯ ಮುಂದೆ ಕೂತ.

"ಬಸ್ಯಾ!" ಎಂದು ಆಯಿ ಹಗೇವಿನ ಕಡೆ ಮುಖ ಮಾಡಿ ಕೂಗಿದಳು.

"ಬಂದೇನಿ ಅವ್ವಾ. ಮ್ಯಾಲ ಬಂದೇನಿ. ಇಲ್ಲೇ ಅದೇನಿ ನೋಡು."

ಅವಳು ನಂಬಲಿಲ್ಲ. ಅರಿವೆ ಸುತ್ತಿದ ಎರಡೂ ಕೈಗಳನ್ನು ಗಾಳಿಯಲ್ಲಿ ಚಾಚಿ ಹುಡುಕಿದಳು. ಅಪ್ಪ ತನ್ನ ಮುಖವನ್ನು ಆ ಕೈಗಳ ನಡುವೆ ತಂದಿಟ್ಟ. ಸುಟ್ಟ ಕೈಗೆ ಮುಟ್ಟಿದ್ದು ತಿಳಿಯಲಿಲ್ಲವೇನೋ.

"ಬಂದಿದ್ರ ಓ ಅನ್ನೊ," ಎಂದಳು.

ಅಪ್ಪ ಓ ಎಂದ. ಅವಳು ಮತ್ತೆ ಕರೆದಳು. ಅವನು ಮತ್ತೆ ಓ ಎಂದ.